ಪುಣ್ಯಕ್ಕೆಷ್ಟು ಅಂಕ, ಪಾಪಕ್ಕೆಷ್ಟು?

ವೈಕುಂಠ ಏಕಾದಶಿಯ ರಾತ್ರಿ ವ್ರತ ಹಿಡಿದವರು ಮಲಗುವಂತಿಲ್ಲ. ಕೊಯಮತ್ತೂರಿನಿಂದ ಮೇಟ್ಟುಪಾಳಯಂ ಕಡೆಗೆ ಹೋಗುವಾಗ ಸಿಗುವ ಕಾರಮಡೈಯಲ್ಲಿ ರಂಗನಾಥಸ್ವಾಮಿಯ ಗುಡಿ ಇದೆ. ಬೆಳಗಿನ ಜಾವ ಅಲ್ಲಿ ಪರಮಪದದ ಬಾಗಿಲು ತೆರೆಯುತ್ತಾರೆ. ಅಷ್ಟು ಹೊತ್ತು ಕಣ್ಣು ಮುಚ್ಚದೆ ಕೂರಬೇಕಲ್ಲ, ಅದಕ್ಕೆ ತಮಿಳುನಾಡಿನ ಮನೆಗಳಲ್ಲಿ ನಡೆದುಬಂದ ಉಪಾಯವೆಂದರೆ ಪರಮಪದ ಸೋಪಾನ ಆಡುವುದು. ನಮ್ಮ ಮಕ್ಕಳು ಹಾವು-ಏಣಿ ಎಂದು ಆಡುವ ಆಟದ ಹಿರಿಯಣ್ಣ ಇದು. ಪಟದ ಕೆಳಗಿನ ಮನೆಗಳಲ್ಲಿ ಕ್ರಿಮಿಕೀಟಗಳ, ಪ್ರಾಣಿಗಳ ಜನ್ಮಗಳಿವೆ. ಮೇಲೇರಿದಂತೆ ಮನುಷ್ಯಜನ್ಮ, ದೇವಲೋಕಗಳು, ತುದಿಯಲ್ಲಿ ವೈಕುಂಠ. ಏಣಿಗಳೆಲ್ಲ ಭಕ್ತಿ, ದಾನ, ಜ್ಞಾನ ಮುಂತಾದ ಗುಣಗಳು. ಹಾವುಗಳೆಲ್ಲ ಕಾಮ, ಕ್ರೋಧ, ಅಹಂಕಾರಗಳು. ವೈಕುಂಠಕ್ಕೆ ಇನ್ನೇನು ಕಾಲಿಡಬೇಕು ಎನ್ನುವ ಜಾಗದಲ್ಲಿ ಒಂದು ಹೆಬ್ಬಾವು ಬಾಯಿ ತೆರೆದಿರುತ್ತದೆ.

ಈ ಪಟ ಒಂದು ಧರ್ಮಶಾಸ್ತ್ರ ಎಂದು ಎಲ್ಲರೂ ಹೇಳುತ್ತಾರೆ. ಅದು ಒಂದು ಗಣಿತವೂ ಹೌದು. ಗಣಿತವನ್ನು ಬಿಡಿಸಿ ನೋಡಿದರೆ, ಪಾಪಪುಣ್ಯದ ಬಗ್ಗೆ ಪಟದ ಚಿತ್ರಗಳು ಹೇಳುವುದಕ್ಕಿಂತ ಬೇರೆಯದೇ ಮಾತು ಕೇಳಿಸುತ್ತದೆ.

ಮೊದಲು ದಾಳ ನೋಡೋಣ. ಇಲ್ಲಿ ಬಳಸುವುದು ಬೆರಳುದ್ದದ ಎರಡು ಹಿತ್ತಾಳೆ ದಾಳಗಳು. ಅಂಗೈಗಳ ನಡುವೆ ಉರುಳಿಸಿ ನೆಲಕ್ಕೆ ಬಿಟ್ಟರೆ ಠಣ್ಣೆಂದು ಬೀಳುತ್ತವೆ. ಒಂದೊಂದಕ್ಕೂ ನಾಲ್ಕು ಮುಖ. ಒಂದು ಮುಖ ಬರಿದು, ಉಳಿದವುಗಳಲ್ಲಿ ಒಂದು, ಎರಡು, ಮೂರು ಚುಕ್ಕಿ. ಎರಡೂ ಬರಿದಾಗಿ ಬಿದ್ದರೆ 12 ಮನೆ. ಒಟ್ಟು ಒಂದು ಬಿದ್ದರೆ ಅದು ದಾಯ. ದಾಯ ಬೀಳದೆ ಕಾಯಿ ಹೊರಡುವಂತಿಲ್ಲ. ಎರಡು ದಾಳಗಳು 16 ಬಗೆಯಲ್ಲಿ ಬೀಳಬಹುದು, ಅವುಗಳಲ್ಲಿ ದಾಯ ಬರುವುದು ಎರಡೇ ಬಗೆಯಲ್ಲಿ. ಅಂದರೆ ಎಂಟಕ್ಕೊಂದು. ಎಂಟು ಸಲ ಎಸೆದೂ ದಾಯ ಬೀಳದೆ ಕೂತಿರುವ ಸಾಧ್ಯತೆ ಶೇ. 34. ಮನೆಯಲ್ಲಿ ಮೂವರು ಆಡಲು ಕೂತರೆ, ಅಷ್ಟು ಸಲ ಎಸೆದ ಮೇಲೂ ಅವರಲ್ಲೊಬ್ಬರು ಇನ್ನೂ ಹುಟ್ಟಿಯೇ ಇಲ್ಲ ಎನ್ನುವುದು ತೀರಾ ಸಾಮಾನ್ಯ.

ಕಾಯಿ ಹೊರಟ ಮೇಲೆ ಒಂದು ಎಸೆತಕ್ಕೆ ಸರಾಸರಿ 3.75 ಮನೆ ನಡೆಯುತ್ತದೆ. ಇದರಿಂದ ಒಂದು ಸೊಗಸಾದ ಫಲ ಸಿಗುತ್ತದೆ: ಹಾದಿಯ ಯಾವುದೇ ಮನೆಯನ್ನು ಗುರುತು ಹಾಕಿಕೊಳ್ಳಿ, ಹೊರಟ ಜಾಗದಿಂದ ಅದು ಸಾಕಷ್ಟು ದೂರವಿದ್ದರೆ, ಕಾಯಿ ಸರಿಯಾಗಿ ಅದರ ಮೇಲೆಯೇ ನಿಲ್ಲುವ ಸಂಭವ 3.75ರಲ್ಲಿ ಒಂದು, ಅಂದರೆ ಶೇ. 27ರ ಸುಮಾರು. ಕ್ರೋಧದ ಹಾವಿಗೂ ಅಷ್ಟೇ, ಲೋಭದ ಹಾವಿಗೂ ಅಷ್ಟೇ, ಭಕ್ತಿಯ ಏಣಿಗೂ ಅಷ್ಟೇ. ಒಂದಕ್ಕೊಂದು ದೂರವಿರುವ ಐದು ಹಾವುಗಳನ್ನು ದಾಟಿ ಹೋಗಬೇಕೆಂದರೆ ಐದನ್ನೂ ತಪ್ಪಿಸಿಕೊಳ್ಳುವವರು ನೂರಕ್ಕೆ 21 ಮಂದಿ. ಆಡುವವರು ಸಜ್ಜನರೋ ದುರ್ಜನರೋ, ಈ ಲೆಕ್ಕ ಒಂದಿಷ್ಟೂ ಅಲುಗುವುದಿಲ್ಲ. ಆಟಗಾರ ನಿರ್ಧರಿಸಬೇಕಾದದ್ದು ಏನೂ ಇಲ್ಲ, ಗರ ಬಿದ್ದಷ್ಟು ನಡೆಯುವುದೊಂದೇ.

ಇನ್ನೂ ಒಂದು ವಿಷಯವಿದೆ. ಕಾಯಿ ಮುಂದೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಅದು ಈಗ ನಿಂತ ಮನೆಯನ್ನು ಮಾತ್ರ ಅವಲಂಬಿಸಿದೆ. ಅಲ್ಲಿಗೆ ಹೇಗೆ ಬಂತು, ಎಷ್ಟು ಹಾವು ಕಚ್ಚಿತು, ಎಷ್ಟು ಏಣಿ ಏರಿತು ಎನ್ನುವುದಕ್ಕೆ ಬೆಲೆಯಿಲ್ಲ. ಇಂಥ ನಡೆಯನ್ನು ಗಣಿತದಲ್ಲಿ ಮಾರ್ಕೊವ್ ಸರಪಳಿ ಎನ್ನುತ್ತಾರೆ. ರಷ್ಯಾದ ಆಂದ್ರೆ ಮಾರ್ಕೊವ್ 1906ರಲ್ಲಿ ಇದರ ಅಧ್ಯಯನ ಆರಂಭಿಸಿದ. ಕರ್ಮಸಿದ್ಧಾಂತವನ್ನು ಕಲಿಸಲು ಹೊರಟ ಪಟಕ್ಕೆ ಹಿಂದಿನದರ ನೆನಪೇ ಇಲ್ಲ! ನನಗೆ ಇದು ಪಟದ ಕೊರತೆಯಾಗಿ ಕಾಣುವುದಿಲ್ಲ. ಕರ್ಮದ ಕಡತವನ್ನು ಅದು ಬೇರೆ ಕಡೆ ಬರೆದಿಟ್ಟಿಲ್ಲ, ಕಾಯಿ ನಿಂತ ಜಾಗವೇ ಕಡತ. ಮೇಲಿರುವವನು ಬೀಳಬಹುದು, ತಳದಲ್ಲಿರುವವನನ್ನು ಒಂದು ಏಣಿ ಎತ್ತಬಹುದು, ಯಾರ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಸ್ವಂತ ಸಾಧನೆಗಿಂತ ಭಗವಂತನ ಕೃಪೆ ದೊಡ್ಡದು ಎಂದು ನಂಬುವ ಶ್ರೀವೈಷ್ಣವರ ಮನೆಗಳಲ್ಲಿ ಈ ಆಟ ಇಷ್ಟು ಗಟ್ಟಿಯಾಗಿ ಬೇರೂರಿದ್ದು ನನಗೆ ಸಹಜವೆನಿಸುತ್ತದೆ. ಇದೇ ಆಟಕ್ಕೆ ಉತ್ತರ ಭಾರತದಲ್ಲಿ 72 ಮನೆಗಳ ವೈಷ್ಣವ ಪಟ, 84 ಮನೆಗಳ ಜೈನ ಪಟ, ಸೂಫಿಗಳ ಪಟಗಳೂ ಇವೆ. ಮತ ಬದಲಾದಂತೆ ಮನೆಗಳ ಹೆಸರು, ಹಾವಿನ ಉದ್ದ ಬದಲಾಗಿದೆ; ಒಳಗಿನ ಯಂತ್ರ ಮಾತ್ರ ಅದೇ.

ಈಗ ಕಂಪ್ಯೂಟರ್ ಆಟಗಳ ಕಡೆಗೆ ಬರೋಣ. ರಾಜ್ಯ ಕಟ್ಟುವ, ದಂಡೆತ್ತುವ, ಮಾಟಮಂತ್ರ ಮತ್ತು ದೇವತೆಗಳಿರುವ ಫ್ಯಾಂಟಸಿ ಸ್ಟ್ರಾಟೆಜಿ ಆಟಗಳಲ್ಲಿ ಧರ್ಮವೂ ಇದೆ, ನೀತಿಯೂ ಇದೆ. ಅವು ನೀತಿಯನ್ನು ಕೂಡಿಡುವ ರೀತಿ ಪರಮಪದಕ್ಕೆ ತದ್ವಿರುದ್ಧ: ಅಲ್ಲಿ ಕಡತವಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ, ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರತಿ ಪಾತ್ರಕ್ಕೂ ಒಂದು ಪಕ್ಷ ಕೊಟ್ಟಿತು: ವ್ಯವಸ್ಥೆ, ತಟಸ್ಥ, ಅವ್ಯವಸ್ಥೆ. ಕೆಲವು ವರ್ಷಗಳಲ್ಲಿ ಒಳಿತು-ಕೆಡುಕಿನ ಅಡ್ಡಗೆರೆಯೂ ಸೇರಿ ಒಂಬತ್ತು ಮನೆಗಳಾದವು. ಇದಕ್ಕೇ ಅಲೈನ್‌ಮೆಂಟ್ ಎನ್ನುವುದು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಮಾಡಿದ ಅಲ್ಟಿಮಾ 4 ಇನ್ನೂ ಮುಂದೆ ಹೋಯಿತು. ಪ್ರಾಮಾಣಿಕತೆ, ಕರುಣೆ, ಶೌರ್ಯ ಮೊದಲಾದ ಎಂಟು ಗುಣಗಳಿಗೆ ತೆರೆಮರೆಯಲ್ಲಿ ಎಂಟು ಲೆಕ್ಕ. ಮೂಲಿಕೆ ಮಾರುವ ಕುರುಡಿಯ ಅಂಗಡಿಯಲ್ಲಿ ದುಡ್ಡು ಎಣಿಸಿ ಇಡುವುದು ನೀವೇ. ಕಡಿಮೆ ಇಟ್ಟರೆ ಆಗ ಯಾರೂ ಕೇಳುವುದಿಲ್ಲ, ಒಳಗೆ ಮಾತ್ರ ಲೆಕ್ಕ ಇಳಿಯುತ್ತದೆ. ಆಟವೊಂದು ಮನಸ್ಸಾಕ್ಷಿಯನ್ನು ಇಷ್ಟು ಚೆನ್ನಾಗಿ ಹಿಡಿದ ಉದಾಹರಣೆ ಕಡಿಮೆ. ಆದರೆ ಅದೇ ಆಟದಲ್ಲಿ ಭಿಕ್ಷುಕನಿಗೆ ಒಂದೊಂದೇ ನಾಣ್ಯ ಕೊಡುತ್ತಾ ಕರುಣೆಯ ಲೆಕ್ಕ ಏರಿಸಿಕೊಳ್ಳಬಹುದು. ಹೀಗೆ ಮಾಡಲು ಆಟಗಾರರಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಪುಣ್ಯ ಅಂಕವಾದ ಕೂಡಲೇ ಅಂಕ ಗಳಿಸುವ ಅಗ್ಗದ ದಾರಿ ಹುಟ್ಟಿಕೊಳ್ಳುತ್ತದೆ.

ಧರ್ಮಗಳನ್ನು ಬ್ಯಾಲೆನ್ಸ್ ಮಾಡುವುದು ಮತ್ತೊಂದು ತೊಡಕು. ಒಂದು ಧರ್ಮಕ್ಕೆ ಯುದ್ಧಬಲ, ಇನ್ನೊಂದಕ್ಕೆ ಬೆಳೆ, ಮತ್ತೊಂದಕ್ಕೆ ವಿದ್ಯೆ ಎಂದು ಹಂಚಿದರೆ ಯಾವುದೋ ಒಂದು ಸದಾ ಗೆಲ್ಲತೊಡಗುತ್ತದೆ. ಆಗ ಎಲ್ಲರೂ ಅದನ್ನೇ ಆರಿಸಿಕೊಳ್ಳುತ್ತಾರೆ, ಉಳಿದವು ಅಲಂಕಾರಕ್ಕೆ ಉಳಿಯುತ್ತವೆ. 2005ರ ಸಿವಿಲೈಜೇಶನ್ 4ರಲ್ಲಿ ಸೋರೆನ್ ಜಾನ್ಸನ್ ಹಿಂದೂ, ಬೌದ್ಧ, ಇಸ್ಲಾಂ, ಕ್ರೈಸ್ತ ಸೇರಿದಂತೆ ಏಳು ನಿಜಧರ್ಮಗಳನ್ನು ತಂದಾಗ ಏಳಕ್ಕೂ ಒಂದೇ ಬಲ ಕೊಟ್ಟ. ಯಾರ ಮನಸ್ಸೂ ನೋಯಬಾರದು ಎನ್ನುವ ವಿವೇಕ ಅದರಲ್ಲಿತ್ತು, ಸರಿಯೇ. ಆದರೆ ಏಳೂ ಒಂದೇ ಆದಾಗ ಆರಿಸಿಕೊಳ್ಳುವುದರಲ್ಲಿ ಏನು ಉಳಿಯಿತು?

ಈ ಪ್ರಶ್ನೆಗೆ ನಮ್ಮ ಕಡೆ ಹಳೆಯ ಉತ್ತರವೊಂದಿದೆ. ಕೊಯಮತ್ತೂರು ಸೀಮೆ ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಕಂಪನಿಯ ಪಾಲಾಯಿತು. ಅದೇ ವರ್ಷ ಮೈಸೂರಿನಲ್ಲಿ ಪಟ್ಟಕ್ಕೆ ಬಂದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಮುಂದೆ ನಾಡು ಕಂಡ ಬಹುದೊಡ್ಡ ಆಟ-ವಿನ್ಯಾಸಕರಾದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಗಂಜೀಫಾ ಎಂಬ ಇಸ್ಪೀಟಿನಂಥ ಆಟಕ್ಕೆ ದೇವತೆಗಳ ಹೆಸರಿನ ಎಲೆಗಳನ್ನು ಅವರು ಬಗೆಬಗೆಯಾಗಿ ರೂಪಿಸಿದರು. ಎಲ್ಲಕ್ಕೂ ಹಿಂದೆ, ಭಾರತದಲ್ಲಿ ಬಹಳ ಕಡೆ ಬಳಕೆಯಲ್ಲಿದ್ದ ದಶಾವತಾರ ಗಂಜೀಫಾ ಇದೆ: ಹತ್ತು ಅವತಾರ, ಒಂದೊಂದಕ್ಕೆ 12 ಎಲೆ, ಒಟ್ಟು 120. ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಇದು ತಲೆಕೆಳಗು: ಒಂದು ದೊಡ್ಡದು, ಹತ್ತು ಚಿಕ್ಕದು.

ಗಣಿತದ ಕಣ್ಣಿನಲ್ಲಿ ಇದು ಬರೀ ಹೆಸರು ಬದಲಾವಣೆ. ಮೆಟ್ಟಿಲು ಇಲ್ಲೂ 12, ಅಲ್ಲೂ 12. ಯಾವ ಅವತಾರವೂ ಇನ್ನೊಂದಕ್ಕಿಂತ ಒಂದು ಕೂದಲೆಳೆ ಹೆಚ್ಚಲ್ಲ. ಆಡುವವನ ತಲೆಯೊಳಗೆ ಮಾತ್ರ ಎರಡೂ ಬೇರೆ ಬೇರೆ. ಕೈಯಲ್ಲಿ ಚುಕ್ಕೆ ತುಂಬಿದ ಎಲೆ ಇದ್ದರೂ ಅದು ಯಾವ ಅವತಾರದ್ದು ಎಂದು ನೋಡದೆ ಹಿಗ್ಗುವಂತಿಲ್ಲ. ಇದರ ಮೇಲೆ ಇನ್ನೊಂದು ನಯವಾದ ನಿಯಮ: ಹಗಲಿನಲ್ಲಿ ಆಡಿದರೆ ರಾಮನ ರಾಜ ಇದ್ದವರು ಮೊದಲು ಇಳಿಯಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜ ಇದ್ದವರು. ಯಾವ ದೇವರಿಗೂ ಶಾಶ್ವತ ಮೇಲುಗೈ ಇಲ್ಲ; ಹೊತ್ತಿಗೊಬ್ಬರಿಗೆ ಅಗ್ರಸ್ಥಾನ. ಬಲ ಸಮವಾಗಿರಲಿ, ರುಚಿ ಬೇರೆಯಾಗಿರಲಿ ಎಂದು ಇಂದಿನ ವಿನ್ಯಾಸಕರು ಹೆಣಗುವುದನ್ನು ಈ 120 ದುಂಡನೆಯ ಎಲೆಗಳು ಸರಳವಾಗಿ ಸಾಧಿಸಿವೆ. ಇದನ್ನು ಇನ್ನೂ ಹೆಚ್ಚು ಜನ ಕಲಿಯಬೇಕು ಎಂದು ನನ್ನ ಆಸೆ.

ಧರ್ಮಗಳ ಸಮತೂಕ ಹೀಗೆ ಸಾಧ್ಯವಾದರೂ ಒಳಿತು-ಕೆಡುಕಿನ ಸಮತೂಕ ಹೀಗೆ ಆಗದು. ಕೆಡುಕಿನಿಂದ ಲಾಭವೇ ಇಲ್ಲದಿದ್ದರೆ ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ, ನೀತಿಯ ಪ್ರಶ್ನೆಯೇ ಏಳುವುದಿಲ್ಲ. ಲಾಭವೇ ಹೆಚ್ಚಾದರೆ ಎಲ್ಲರೂ ಕೆಡುತ್ತಾರೆ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಪ್ರಾಣಿಗಳ ಕಾದಾಟ ವಿವರಿಸಲು ಹೊರಟಾಗ ಈ ಗಂಟನ್ನು ಬಿಚ್ಚುವ ದಾರಿ ತೆರೆಯಿತು. ಆ ದಾರಿಯಲ್ಲಿ ಬಂದ ಪ್ರಸಿದ್ಧ ಉದಾಹರಣೆ ಗಿಡುಗ-ಪಾರಿವಾಳದ ಆಟ. ಸಿಕ್ಕ ಆಹಾರದ ಬೆಲೆ 20, ಗಾಯದ ನಷ್ಟ 50 ಎಂದುಕೊಳ್ಳಿ. ಪಾರಿವಾಳಗಳ ನಡುವೆ ಒಂಟಿ ಗಿಡುಗಕ್ಕೆ ಹಬ್ಬ. ಗಿಡುಗಗಳೇ ತುಂಬಿದಾಗ ಒಂದನ್ನೊಂದು ಹರಿದು ಹಾಕುತ್ತವೆ, ಆಗ ಪಾರಿವಾಳವಾಗಿರುವುದೇ ಲಾಭ. ಗಿಡುಗಗಳ ಪಾಲು ಶೇ. 40ಕ್ಕೆ ಬಂದು ನಿಂತಾಗ ಎರಡರ ಗಳಿಕೆಯೂ ಸಮ. ಅಂದರೆ ಕೆಡುಕಿನ ಬೆಲೆ ಕೆಡುಕಿನ ಒಳಗಿಲ್ಲ, ಸುತ್ತ ಎಷ್ಟು ಜನ ಅದನ್ನೇ ಮಾಡುತ್ತಿದ್ದಾರೆ ಎನ್ನುವುದರಲ್ಲಿದೆ.

ಸಿವಿಲೈಜೇಶನ್ 4ರ ಮೇಲೆ ಡೆರೆಕ್ ಪ್ಯಾಕ್ಸ್‌ಟನ್ ಮತ್ತು ಸಂಗಡಿಗರು ಕಟ್ಟಿದ ಫಾಲ್ ಫ್ರಮ್ ಹೆವನ್ ಎಂಬ ಆಟ ಇದನ್ನು ಅರಿತಿತ್ತು. ಅಲ್ಲಿ ರಾಜ್ಯಗಳಿಗೆ ಒಳ್ಳೆಯ, ತಟಸ್ಥ, ಕೆಟ್ಟ ಎಂಬ ಪಕ್ಷಗಳಿವೆ, ಸ್ವೀಕರಿಸಿದ ಧರ್ಮ ರಾಜ್ಯದ ಪಕ್ಷವನ್ನೇ ಬದಲಿಸಬಲ್ಲದು. ಎಲ್ಲರಿಗೂ ಸೇರಿ ಒಂದೇ ಪ್ರಳಯದ ಮಾಪಕವಿದೆ, ಸೊನ್ನೆಯಿಂದ ನೂರರವರೆಗೆ. ಊರೊಂದನ್ನು ನೆಲಸಮ ಮಾಡಿದರೆ ಏರುತ್ತದೆ, ದೆವ್ವಗಳ ಪಂಥ ಹರಡಿದರೆ ಏರುತ್ತದೆ. ಏರಿದಂತೆ ಬೆಳೆ ಕೊಳೆಯುತ್ತದೆ, ನೆಲ ನರಕವಾಗುತ್ತದೆ. ಲಾಭ ಒಬ್ಬನಿಗೆ, ಮಾಪಕ ಎಲ್ಲರದು.

ತಿರುಪ್ಪೂರಿನವರಿಗೆ ಈ ಮಾಪಕವನ್ನು ವಿವರಿಸಿ ಹೇಳಬೇಕಾಗಿಲ್ಲ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನೊಯ್ಯಲ್ ಅವರ ಮಾಪಕ. ಹತ್ತಿಯ ಬನಿಯನ್ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಉಪ್ಪು ಧಾರಾಳವಾಗಿ ಹಾಕಬೇಕು. ನೀರಿನಲ್ಲಿ ಬಣ್ಣದ ಕಣವೂ ಹತ್ತಿಯ ಎಳೆಯೂ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತವೆ; ಉಪ್ಪು ಆ ತಳ್ಳಾಟವನ್ನು ತಗ್ಗಿಸಿ ಬಣ್ಣ ಎಳೆಗೆ ಅಂಟುವಂತೆ ಮಾಡುತ್ತದೆ. ಬಣ್ಣ ಬಟ್ಟೆಗೆ ಹೋಗುತ್ತದೆ, ಉಪ್ಪು ಅಷ್ಟೂ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಶುದ್ಧಮಾಡದೆ ಬಿಟ್ಟ ಘಟಕಕ್ಕೆ ಖರ್ಚು ಉಳಿತಾಯ. ಪಕ್ಕದ ಘಟಕ ಹಾಗೆ ಮಾಡುತ್ತಿರುವಾಗ ತಾನೊಬ್ಬನೇ ಶುದ್ಧಮಾಡಿದರೆ ಬಟ್ಟೆಯ ದರ ಏರಿ ಗಿರಾಕಿ ಕೈತಪ್ಪುತ್ತಾನೆ. ತಿರುಪ್ಪೂರಿನ ಕೆಳಗೆ ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಕಡೆಗೆ ನಿಂತದ್ದು ಉಪ್ಪು ಮತ್ತು ಬಣ್ಣದ ನೀರು. ಆ ನೀರು ಬೇಡವೆಂದು ರೈತರೇ ಹೋರಾಟಕ್ಕಿಳಿದರು. ಅವರ ಸಂಘ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಪಟ್ಟು ಹಿಡಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಲು ಆದೇಶಿಸಿತು. ಒಂದು ಹನಿ ಹೊಲಸು ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿಕೊಂಡ ಮೇಲಷ್ಟೇ ಬಾಗಿಲು ತೆರೆಯಬೇಕೆಂದಿತು. ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಒತ್ತಿ ಸೋಸುವುದು, ಉಳಿದದ್ದನ್ನು ಕುದಿಸಿ ಆವಿಮಾಡಿ ಉಪ್ಪನ್ನು ಹಿಂದಕ್ಕೆ ಪಡೆಯುವುದು, ಅದೇ ನೀರನ್ನು, ಅದೇ ಉಪ್ಪನ್ನು ಮತ್ತೆ ತೊಟ್ಟಿಗೆ ಹಾಕುವುದು ಆ ವ್ಯವಸ್ಥೆಯ ತಿರುಳು. ಖರ್ಚು ದೊಡ್ಡದು, ಆದರೆ ಎಲ್ಲರಿಗೂ ಒಂದೇ.

ಈ ಕಥೆಯಲ್ಲಿ ಯಾರ ಹಣೆಗೆ ಕೆಟ್ಟವನೆಂಬ ಪಟ್ಟಿ ಅಂಟಿಸುವುದು? ಪಟ್ಟಿ ಅಂಟಿಸುವುದರಿಂದ ನದಿಗೆ ಒಂದು ಬಿಂದಿಗೆ ಒಳ್ಳೆಯ ನೀರೂ ಬರುತ್ತಿರಲಿಲ್ಲ. ಬದಲಾದದ್ದು ಘಟಕಗಳ ಸ್ವಭಾವವಲ್ಲ, ಲಾಭನಷ್ಟದ ಪಟ್ಟಿ. ಅಲೈನ್‌ಮೆಂಟನ್ನು ಪಾತ್ರದ ಎದೆಯ ಮೇಲೆ ಬರೆಯುವ ಆಟಗಳಿಗಿಂತ ಅದನ್ನು ನದಿಯಲ್ಲಿ ಬರೆಯುವ ಆಟ ನಿಜಕ್ಕೆ ಹತ್ತಿರ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಾದರೆ ಧರ್ಮಕ್ಕೆ ಆಟದಲ್ಲಿ ಏನು ಕೆಲಸ? ಈ ಕಂಪ್ಯೂಟರ್ ಆಟಗಳಲ್ಲಿ ರಾಜ್ಯಕ್ಕೆ ಒಂದು ಧರ್ಮ, ಇನ್ನೊಂದು ಬೇಕೆಂದರೆ ಮೊದಲನೆಯದನ್ನು ಬಿಡಬೇಕು. ಕೊಯಮತ್ತೂರಿನಲ್ಲಿ ಕನ್ನಡ ಮನೆಮಾತಾಗಿರುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಇವೆ. ಅಂಥ ದೇವಾಂಗರ ಒಂದು ಮನೆಯನ್ನು ಈ ಚೌಕಟ್ಟಿನಲ್ಲಿ ಕೂರಿಸಿ ನೋಡಿ. ಕುಲದೇವತೆ ಚೌಡೇಶ್ವರಿ. ಊರನ್ನು ಕಾಯುವವಳು ಕೋನಿಯಮ್ಮ. ಬೆಟ್ಟ ಹತ್ತುವುದು ಮರುದಮಲೈ ಮುರುಗನಿಗೆ, ಶಿವನೆಂದರೆ ಪೇರೂರು ಮತ್ತು ಅವಿನಾಶಿ, ಏಕಾದಶಿ ಬಂದರೆ ಕಾರಮಡೈ ರಂಗನಾಥ. ಒಬ್ಬರಿಗೆ ನಡೆದುಕೊಂಡರೆ ಇನ್ನೊಬ್ಬರನ್ನು ಬಿಟ್ಟಂತಲ್ಲ. ಆಟಕ್ಕೆ ಇಲ್ಲಿ ಬೇಕಾದದ್ದು ಒಂದನ್ನು ಆರಿಸುವ ಗುಂಡಿಯಲ್ಲ, ಪದರಗಳು: ಮನೆಯ ದೇವತೆ ನೆಂಟರನ್ನು ಕಟ್ಟುತ್ತಾಳೆ, ಊರ ದೇವತೆ ನೆರೆಯವರನ್ನು, ದೊಡ್ಡ ಕ್ಷೇತ್ರ ದೂರದ ಅಪರಿಚಿತರನ್ನು. ಪ್ರತಿ ಪದರಕ್ಕೂ ಸಮಯ, ಹಣ, ಉಪವಾಸ ಬೇಕು. ಬ್ಯಾಲೆನ್ಸ್ ಮಾಡಬೇಕಾದ್ದು ಆ ಖರ್ಚನ್ನು.

ಖರ್ಚು ಏಕೆ ಮುಖ್ಯ? ವಿಜಯದಶಮಿಯ ದಿನ ಕೊಯಮತ್ತೂರಿನ ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಗೆ ಬರುವ ಮೆರವಣಿಗೆಯಲ್ಲಿ ದೇವಾಂಗ ಗಂಡಸರು, ಹುಡುಗರು ಕೈಯಲ್ಲಿ ಕತ್ತಿ ಹಿಡಿದು ತಮ್ಮ ಮೈಗೇ ಬೀಸಿಕೊಂಡು ದೇವಿಯನ್ನು ಕರೆಯುತ್ತಾರೆ. ಗಾಯಕ್ಕೆ ಪುಡಿ ಮೆತ್ತಿಕೊಂಡು ಮುಂದೆ ನಡೆಯುತ್ತಾರೆ. ನಟಿಸಲು ಆಗದ ಇಂಥ ಹರಕೆಗೆ ಮಾನವಶಾಸ್ತ್ರಜ್ಞರು ದುಬಾರಿ ಸಂಕೇತ ಎನ್ನುತ್ತಾರೆ: ನೋವು ಉಂಡವನು ನಮ್ಮವನೇ ಎಂದು ಉಳಿದವರಿಗೆ ಭರವಸೆ ಬರುತ್ತದೆ. 2003ರಲ್ಲಿ ರಿಚರ್ಡ್ ಸೋಸಿಸ್ ಮತ್ತು ಎರಿಕ್ ಬ್ರೆಸ್ಲರ್ 19ನೇ ಶತಮಾನದ ಅಮೆರಿಕದ 83 ಸಹಜೀವನ ಸಮುದಾಯಗಳ ಇತಿಹಾಸ ಕೆದಕಿದಾಗ, ಧಾರ್ಮಿಕ ಸಮುದಾಯಗಳಲ್ಲಿ ಕಟ್ಟಳೆ ಹೆಚ್ಚಿದ್ದವು ಹೆಚ್ಚು ಕಾಲ ಬಾಳಿದ್ದು ಕಂಡಿತು. ಧರ್ಮವಿಲ್ಲದ ಸಮುದಾಯಗಳಲ್ಲಿ ಕಟ್ಟಳೆ ಹೆಚ್ಚಿಸಿದರೂ ಆ ಫಲ ಸಿಗಲಿಲ್ಲ.

ನೋಡುವ, ಶಿಕ್ಷಿಸುವ ದೇವರ ಮೇಲಿನ ನಂಬಿಕೆಯನ್ನೂ ವಿಜ್ಞಾನಿಗಳು ದಾಳದಿಂದಲೇ ಅಳೆದಿದ್ದಾರೆ. ಬೆಂಜಮಿನ್ ಪರ್ಜಿಕಿ ಮತ್ತು ಸಂಗಡಿಗರು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟು ಸಮುದಾಯಗಳ 591 ಜನರಿದ್ದರು. ಮುಂದೆ ಎರಡು ಬಟ್ಟಲು, ಕೈಯಲ್ಲಿ 30 ನಾಣ್ಯ, ಎರಡು ಬಣ್ಣದ ದಾಳ. ಒಂದು ಬಟ್ಟಲು ತನ್ನದು ಅಥವಾ ತನ್ನೂರಿನವರದು, ಇನ್ನೊಂದು ದೂರದ ಊರಿನ ಸಹಧರ್ಮೀಯ ಅಪರಿಚಿತನದು. ಮನಸ್ಸಿನಲ್ಲೇ ಒಂದು ಬಟ್ಟಲು ನೆನೆದು ದಾಳ ಎಸೆಯಬೇಕು. ಒಂದು ಬಣ್ಣ ಬಿದ್ದರೆ ನೆನೆದದ್ದಕ್ಕೆ ನಾಣ್ಯ, ಇನ್ನೊಂದು ಬಿದ್ದರೆ ಮತ್ತೊಂದಕ್ಕೆ. ಮೋಸ ಮಾಡಿದರೆ ಯಾರಿಗೂ ತಿಳಿಯದು. ಪ್ರಾಮಾಣಿಕವಾಗಿ ಆಡಿದರೆ ಸುಮಾರು 15 ನಾಣ್ಯ ದೂರದವನ ಬಟ್ಟಲಿಗೆ ಬೀಳಬೇಕು. ತಮ್ಮ ದೇವರು ಎಲ್ಲ ಬಲ್ಲವನು, ತಪ್ಪಿಗೆ ದಂಡಿಸುವವನು ಎಂದು ಹೆಚ್ಚು ನಂಬಿದವರು ದೂರದವನಿಗೆ ಹೆಚ್ಚು ಕೊಟ್ಟಿದ್ದರು. ಆಟದಲ್ಲಿ ದೊಡ್ಡ ಕ್ಷೇತ್ರಕ್ಕೆ ಕೊಡಬೇಕಾದ ಬಲ ಸೈನ್ಯವಲ್ಲ, ಇದು: ದೂರದ ಸಂತೆಯಲ್ಲಿ ಗುರುತಿಲ್ಲದವನೂ ತೂಕದಲ್ಲಿ ಮೋಸ ಮಾಡದಿರುವ ಭರವಸೆ.

ಇಷ್ಟೆಲ್ಲ ಜೋಡಿಸಿದ ಮೇಲೂ ಸಮತೂಕ ಬಂತೇ ಎಂದು ತಿಳಿಯುವುದು ಆಡಿಸಿ ನೋಡಿದಾಗಲೇ. ಆಡುಹುಲಿ ಆಟದಲ್ಲಿ ಮೂರು ಹುಲಿ, 15 ಆಡು, 23 ಬಿಂದು. ಹುಲಿ ಹಾರಿ ತಿನ್ನುತ್ತದೆ, ಆಡು ಸುತ್ತುಗಟ್ಟಿ ಕಟ್ಟಿಹಾಕುತ್ತದೆ. ಎರಡರ ಬಲದಲ್ಲಿ ಹೋಲಿಕೆಯೇ ಇಲ್ಲ. ಇದರ ನೇಪಾಳಿ ಬಂಧು ಬಾಘ್‌ಚಾಲ್‌ನಲ್ಲಿ ನಾಲ್ಕು ಹುಲಿ, 20 ಆಡು. ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಅದು ಸಮಸಮದಲ್ಲಿ ಮುಗಿಯುತ್ತದೆ ಎಂದು ಕಂಪ್ಯೂಟರ್ ಲೆಕ್ಕ ತೋರಿಸಿದೆ. ಮನುಷ್ಯರು ತಪ್ಪು ಮಾಡುತ್ತಾರಾದ್ದರಿಂದ ಎಣಿಕೆ ಬೇಕು. ಸರಿಸಮ ಆಟಗಾರರಿಬ್ಬರು ಪ್ರತಿ ಆಟಕ್ಕೂ ಕಡೆ ಬದಲಿಸುತ್ತಾ ಆಡಲಿ. ಗೆಲುವು ಬಂದ ಹತ್ತು ಆಟದಲ್ಲಿ ಹುಲಿ ಆರು ಗೆದ್ದರೆ ಅದರಿಂದ ಏನೂ ತಿಳಿಯದು. ನೂರರಲ್ಲಿ 60 ದಾಟಿದರೆ ಅದು ಆಕಸ್ಮಿಕವಿರುವ ಸಂಭವ ಕಡಿಮೆ. ಏಳು ಧರ್ಮಗಳಿರುವ ಆಟಕ್ಕೂ ಇದೇ ಪರೀಕ್ಷೆ: ಚೀಟಿ ಎತ್ತಿ ಧರ್ಮ ಹಂಚಿ, 700 ಆಟ ಆಡಿಸಿ. ಒಂದೊಂದೂ ನೂರರ ಆಸುಪಾಸಿನಲ್ಲಿ ಗೆಲ್ಲಬೇಕು. 82ರಿಂದ 118ರ ಒಳಗಿದ್ದರೆ ಮುಟ್ಟಬೇಡಿ. ಒಂದು ಧರ್ಮ 130 ಗೆದ್ದಿದ್ದರೆ ಅದರ ದೇವರ ಬಲ ಇಳಿಸುವ ಬದಲು ಹರಕೆಯ ಖರ್ಚನ್ನು ಒಂದು ಮೆಟ್ಟಿಲು ಏರಿಸಿ, ಮೊದಲಿನಿಂದ ಎಣಿಸಿ.